ಗಡ್ಡೆ ತೆಗೆದ ಮೇಲೆ ಉಳಿದ ಲಿವರ್ ಏನು ಹೇಳುತ್ತದೆ?

ಪ್ರಶ್ನೆ: ನಮ್ಮೂರು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಅಪ್ಪಾರಿಗೆ 58 ವರ್ಷ, ಮೊದಲಿಂದ ಮಗ್ಗದ ಕೆಲಸ. ಹೆಪಟೈಟಿಸ್ ಬಿ ಇದೆ ಅಂತ ಗೊತ್ತಾಗಿದ್ದೇ ಲಿವರಿನಲ್ಲಿ ಗಡ್ಡೆ ಕಂಡ ಮೇಲೆ. ನಾಲ್ಕು ತಿಂಗಳ ಹಿಂದೆ ಬೆಳಗಾವಿಯಲ್ಲಿ ಆಪರೇಷನ್ ಆಯಿತು. ರಿಪೋರ್ಟಿನಲ್ಲಿ ‘ಹೆಪಟೋಸೆಲ್ಯುಲರ್ ಕಾರ್ಸಿನೋಮಾ, 4.5 ಸೆಂ.ಮೀ., ಮಾರ್ಜಿನ್ ಫ್ರೀ, ಮೈಕ್ರೋವ್ಯಾಸ್ಕುಲರ್ ಇನ್ವೇಷನ್ ಪ್ರೆಸೆಂಟ್, ಪಕ್ಕದ ಲಿವರ್ ಸಿರೋಟಿಕ್’ ಅಂತ ಇದೆ. ಬೆಂಗಳೂರಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ನಮ್ಮ ಕಾಕಾನ ಮಗ, ‘ಜೀನ್ ಎಕ್ಸ್‌ಪ್ರೆಶನ್ ಟೆಸ್ಟ್ ಮಾಡಿಸಿದರೆ ಕ್ಯಾನ್ಸರ್ ಮತ್ತೆ ಬರುತ್ತದೋ ಇಲ್ಲವೋ ಮೊದಲೇ ತಿಳಿಯುತ್ತದೆ, ಬ್ಲಾಕ್ ಕಳಿಸು’ ಎನ್ನುತ್ತಾನೆ. ಖರ್ಚು ಬಹಳ ಇದೆಯಂತೆ. ಗಡ್ಡೆಯನ್ನೇ ತೆಗೆದ ಮೇಲೆ ಟೆಸ್ಟ್ ಯಾವುದರ ಮೇಲೆ ಮಾಡುತ್ತಾರೆ? ಮಾಡಿಸಬೇಕೋ ಬೇಡವೋ? ಶೇಂಗಾ ಬಿಡಿಸ್ರಿ ಅಂತ ಊರಲ್ಲಿ ಹೇಳುತ್ತಾರೆ, ಅದು ನಿಜವೇ? ಜೀನ್ ಅಂದರೆ ವಂಶದ್ದು ಅಲ್ಲವೇ, ಹಾಗಾದರೆ ನನಗೂ ತಂಗಿಗೂ ಬರಬಹುದೇ? (ಹೆಸರು ಬೇಡ)

ಉತ್ತರ: ರೊಕ್ಕದ ಮಾತನ್ನು ಮೊದಲು ಮುಗಿಸೋಣ, ನಿಮಗೆ ತುರ್ತಾಗಿ ತೀರ್ಮಾನ ಆಗಬೇಕಾದದ್ದು ಅದೇ. ನಿಮ್ಮ ತಂದೆಯವರಿಗೆ ಈ ಟೆಸ್ಟ್ ಈಗ ಬೇಡ. ನಿಮ್ಮ ಕಾಕಾನ ಮಗ ಪೊಳ್ಳು ಮಾತು ಹೇಳಿಲ್ಲ, ಅದರ ಹಿಂದೆ ಎರಡು ದಶಕದ ಗಟ್ಟಿ ಸಂಶೋಧನೆ ಇದೆ. ಆದರೆ ಉತ್ತರ ‘ಅಪಾಯ ಹೆಚ್ಚು’ ಎಂದು ಬಂದರೂ ‘ಕಡಿಮೆ’ ಎಂದು ಬಂದರೂ ಮರುದಿನ ಡಾಕ್ಟರು ಬರೆಯುವ ಚೀಟಿ ಒಂದೇ. ಚೀಟಿ ಬದಲಿಸದ ಟೆಸ್ಟಿಗೆ ಮನೆಯ ರೊಕ್ಕ ಸುರಿಯಬಾರದು ಎಂಬುದು ನನ್ನ ನಿಲುವು. ಹಾಗೆಂದು ಆ ಸಂಶೋಧನೆಯಿಂದ ನಿಮಗೆ ಪ್ರಯೋಜನವೇ ಇಲ್ಲ ಎಂದುಕೊಳ್ಳಬೇಡಿ. ಆಪರೇಷನ್ ಆದ ಮೇಲೆ ಕಣ್ಣು ಎಲ್ಲಿಡಬೇಕು ಎಂಬುದನ್ನು ಅದು ಚೆನ್ನಾಗಿ ತೋರಿಸಿಕೊಟ್ಟಿದೆ, ಮತ್ತು ಆ ಕಡೆ ನಮ್ಮ ಭಾಗದ ಮನೆಗಳಲ್ಲಿ ಸಾಮಾನ್ಯವಾಗಿ ಯಾರ ಗಮನವೂ ಇರುವುದಿಲ್ಲ.

ಟೆಸ್ಟ್ ಯಾವುದರ ಮೇಲೆ ಎಂಬ ನಿಮ್ಮ ಪ್ರಶ್ನೆಯಿಂದಲೇ ಹೊರಡೋಣ. ಥಿಯೇಟರಿನಲ್ಲಿ ತೆಗೆದ ಲಿವರಿನ ಭಾಗ ನೇರವಾಗಿ ನಮ್ಮಂಥ ಪೆಥಾಲಜಿಯವರ ಟೇಬಲ್ಲಿಗೆ ಬರುತ್ತದೆ. ಅದನ್ನು ಫಾರ್ಮಲಿನ್‌ನಲ್ಲಿ ನೆನೆಯಿಟ್ಟು, ಬೇರೆ ಬೇರೆ ಜಾಗದಿಂದ ಸಣ್ಣ ಚೂರುಗಳನ್ನು ಕೊಯ್ದು, ನೀರಿನಂಶ ತೆಗೆದು, ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಕೂರಿಸುತ್ತೇವೆ. ಗಟ್ಟಿಯಾದ ಮೇಲೆ ಅದೇ ಬ್ಲಾಕ್. ಮೈಕ್ರೋಟೋಮ್ ಯಂತ್ರದಲ್ಲಿ ಬ್ಲಾಕನ್ನು ನಾಲ್ಕೈದು ಮೈಕ್ರಾನ್ ದಪ್ಪಕ್ಕೆ ಹೆರೆದರೆ ಮೇಣದ ತೆಳ್ಳನೆ ರಿಬ್ಬನ್ ಬರುತ್ತದೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಟ್ಟ ಮೇಲೆ ಗಾಜಿನ ಸ್ಲೈಡಿಗೆ ಹತ್ತಿಸಿ, ಬಣ್ಣ ಹಾಕಿ ನೋಡುತ್ತೇವೆ.

ನಿಮ್ಮ ತಂದೆಯವರಂಥ ಕೇಸಿನಲ್ಲಿ ಗಡ್ಡೆಯ ಅಂಚಿನಿಂದ ತೆಗೆದ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಒಂದು ಬದಿಗೆ ಗಡ್ಡೆ ಕಾಣುತ್ತದೆ. ಕೋಶಗಳು ದಪ್ಪ ಸಾಲುಗಳಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ನ್ಯೂಕ್ಲಿಯಸ್ಸುಗಳು ದೊಡ್ಡವು, ಕಡುನೀಲಿ. ನಡುವೆ ಒಮ್ಮೊಮ್ಮೆ ನಾರಿನ ಪೊರೆ ಇರುತ್ತದೆ. ಇನ್ನೊಂದು ಬದಿಯಲ್ಲಿರುವುದು ಗಡ್ಡೆಯಲ್ಲದ ಲಿವರು, ಆದರೆ ಅದೂ ಸರಿಯಿರುವುದಿಲ್ಲ. ನಾರಿನ ಪಟ್ಟಿಗಳು ಅದನ್ನು ಸಣ್ಣ ಸಣ್ಣ ಉಂಡೆಗಳಾಗಿ ಕಡಿದುಹಾಕಿರುತ್ತವೆ, ಪಟ್ಟಿಗಳ ಒಳಗೆ ಉರಿಯೂತದ ಕೋಶಗಳು ಕಿಕ್ಕಿರಿದಿರುತ್ತವೆ. ಇದೇ ಸಿರೋಸಿಸ್. ರಿಪೋರ್ಟ್ ಕೈಗೆ ಬಂದಾಗ ಎಲ್ಲರೂ ಗಡ್ಡೆ ಎಷ್ಟು ಸೆಂಟಿಮೀಟರ್, ಮಾರ್ಜಿನ್ ಫ್ರೀ ಇದೆಯೋ ಇಲ್ಲವೋ, ಅಂದರೆ ಕೊಯ್ದ ಅಂಚಿನಲ್ಲಿ ಗಡ್ಡೆಯ ಕೋಶ ಉಳಿದಿಲ್ಲವೇ, ಎಂದು ನೋಡುತ್ತಾರೆ. ಪಕ್ಕದ ಲಿವರಿನ ಸಾಲು ಕೊನೆಯಲ್ಲಿ ಹಾಗೇ ಬಿದ್ದಿರುತ್ತದೆ. ನೀವು ಅದನ್ನೂ ಬರೆದು ಕಳಿಸಿದ್ದೀರಿ, ಒಳ್ಳೆಯದಾಯಿತು.

ಈಗ ಜೀನ್ ಎಕ್ಸ್‌ಪ್ರೆಶನ್. ನಮ್ಮ ಮೈಯ ಬಹುತೇಕ ಎಲ್ಲ ಕೋಶಗಳಲ್ಲೂ ಸುಮಾರು 20,000 ಜೀನ್‌ಗಳಿವೆ. ಕಣ್ಣಿನ ಕೋಶದಲ್ಲಿರುವುವೂ ಲಿವರಿನ ಕೋಶದಲ್ಲಿರುವುವೂ ಅವೇ. ಆದರೆ ಯಾವ ಹೊತ್ತಿನಲ್ಲಿ ಯಾವ ಕೋಶ ಯಾವ ಜೀನನ್ನು ಕೆಲಸಕ್ಕೆ ಹಚ್ಚಿದೆ, ಎಷ್ಟು ಜೋರಾಗಿ ಹಚ್ಚಿದೆ ಎಂಬುದು ಬೇರೆ ಬೇರೆ. ಕೆಲಸಕ್ಕಿಳಿದ ಜೀನಿನಿಂದ ಆರ್‌ಎನ್‌ಎ ಪ್ರತಿಗಳು ಹೊರಬರುತ್ತವೆ. ಆ ಪ್ರತಿಗಳನ್ನು ಅಳೆದರೆ ಕೋಶ ಆಗ ಏನು ಮಾಡುತ್ತಿತ್ತು ಎಂಬುದು ಗೊತ್ತಾಗುತ್ತದೆ. ಲಿವರಿನ ಕೋಶ ತನ್ನ ನಿತ್ಯದ ಕೆಲಸವಾದ ಅಲ್ಬುಮಿನ್‌ನಂಥ ಪ್ರೋಟೀನ್ ತಯಾರಿಯಲ್ಲಿತ್ತೇ, ಉರಿಯೂತದ ಸಂದೇಶಗಳಲ್ಲಿ ಮುಳುಗಿತ್ತೇ, ಅಥವಾ ಎಡೆಬಿಡದೆ ಇಬ್ಭಾಗವಾಗುವುದರಲ್ಲಿ ತೊಡಗಿತ್ತೇ? ಮೈಕ್ರೋಸ್ಕೋಪಿನಲ್ಲಿ ಒಂದೇ ಥರ ಕಾಣುವ ಎರಡು ಸಿರೋಸಿಸ್ ಲಿವರುಗಳು ಈ ಲೆಕ್ಕದಲ್ಲಿ ಪೂರ್ತಿ ಬೇರೆಯಾಗಿರಬಹುದು.

ತೊಂದರೆ ಇದ್ದದ್ದು ಆರ್‌ಎನ್‌ಎಯ ಸೂಕ್ಷ್ಮ ಸ್ವಭಾವದಲ್ಲಿ. ಫಾರ್ಮಲಿನ್ ತಗುಲಿದರೆ ಅದು ತುಂಡುತುಂಡಾಗುತ್ತದೆ, ಅಕ್ಕಪಕ್ಕದ ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಮೊದಲಿನ ಅಧ್ಯಯನಗಳಿಗೆಲ್ಲ ಆಪರೇಷನ್ ಆದ ಕೂಡಲೇ ಮೈನಸ್ 80 ಡಿಗ್ರಿಯಲ್ಲಿಟ್ಟ ತಾಜಾ ತುಂಡು ಬೇಕಿತ್ತು. ದೊಡ್ಡ ಸಂಶೋಧನಾ ಕೇಂದ್ರಗಳನ್ನು ಬಿಟ್ಟರೆ ಅಂಥ ಸಂಗ್ರಹ ಎಲ್ಲಿತ್ತು? ಮೇಣದ ಬ್ಲಾಕುಗಳು ಮಾತ್ರ ಪ್ರತಿ ಆಸ್ಪತ್ರೆಯ ಕಪಾಟಿನಲ್ಲೂ ಸಾವಿರಗಟ್ಟಲೆ ಕೂತಿದ್ದವು. 2008ರಲ್ಲಿ ಯೂಜಿನ್ ಹೊಶಿದಾ, ಟಾಡ್ ಗೊಲುಬ್ ಮತ್ತು ಜೊತೆಗಾರರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಅಧ್ಯಯನ ಈ ಗೋಡೆಯನ್ನು ಒಡೆಯಿತು. ಚೂರಾದ ಆರ್‌ಎನ್‌ಎಯನ್ನೂ ಓದಬಲ್ಲ ವಿಧಾನದಿಂದ ಅವರು 307 ರೋಗಿಗಳ ಹಳೆಯ ಬ್ಲಾಕುಗಳಲ್ಲಿ ಸುಮಾರು 6,000 ಜೀನ್‌ಗಳನ್ನು ಅಳೆದರು. 24 ವರ್ಷಕ್ಕೂ ಹಿಂದಿನ ಬ್ಲಾಕುಗಳೂ ಅದರಲ್ಲಿದ್ದವು. ನೂರಕ್ಕೆ 90 ಮಂದಿಯದು ಓದಲು ಸಿಕ್ಕಿತು.

ಅವರು ಹುಡುಕುತ್ತಿದ್ದದ್ದು ಗಡ್ಡೆಯೊಳಗಿನ ಸುಳಿವನ್ನು. ಯಾವ ಗಡ್ಡೆ ಕೆಟ್ಟದ್ದು, ಯಾವುದು ಸೌಮ್ಯ ಎಂಬುದು ಗಡ್ಡೆಯ ಜೀನ್‌ಗಳಲ್ಲೇ ಇರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಗಡ್ಡೆಯ ಲೆಕ್ಕ ರೋಗಿ ಎಷ್ಟು ವರ್ಷ ಬದುಕಿದರು ಎಂಬುದಕ್ಕೆ ತಾಳೆಯಾಗಲೇ ಇಲ್ಲ. ತಾಳೆಯಾದದ್ದು ಪಕ್ಕದ ಲಿವರು, ಅಂದರೆ ಕ್ಯಾನ್ಸರ್ ಇಲ್ಲದ ಭಾಗ! ಜಪಾನಿನ 82 ರೋಗಿಗಳ ಪಕ್ಕದ ಲಿವರಿನಿಂದ 186 ಜೀನ್‌ಗಳ ಒಂದು ಪಟ್ಟಿ ಸಿಕ್ಕಿತು. ಅದರಲ್ಲಿ 113 ಜೀನ್‌ಗಳು ಒಳ್ಳೆಯ ಫಲಿತಾಂಶದ ಕಡೆ, 73 ಕೆಟ್ಟದರ ಕಡೆ. ಒಳ್ಳೆಯವರ ಪಟ್ಟಿಯಲ್ಲಿ ಎದ್ದು ಕಂಡವು ಲಿವರಿನ ನಿತ್ಯದ ಕೆಲಸಗಳಿಗೆ ಸೇರಿದ ಜೀನ್‌ಗಳು. ಕೆಟ್ಟದರ ಪಟ್ಟಿಯಲ್ಲಿ ಉರಿಯೂತದ ದಾರಿಗಳಿಗೆ ಸೇರಿದವು. ಆಮೇಲೆ ಅಮೆರಿಕ ಮತ್ತು ಯುರೋಪಿನ ಬೇರೆಯೇ 225 ರೋಗಿಗಳಲ್ಲಿ ಪಟ್ಟಿಯನ್ನು ಒರೆಗೆ ಹಚ್ಚಿದರು. ಅಲ್ಲಿಯೂ ನಿಂತಿತು.

ಗಡ್ಡೆ ಹೋಗಿ ಬಕೆಟ್ ಸೇರಿದ ಮೇಲೂ ರೋಗಿಯ ಹಣೆಬರಹ ಪಕ್ಕದ ಲಿವರಿನಲ್ಲಿರುವುದು ಹೇಗೆ? ‘ಡಾಕ್ಟರ್, ಬೇರು ಸಮೇತ ತಗದೇವಿ ಅಂದಿದ್ರಿ, ಮತ್ಯಾಕ ಬಂತ್ರಿ?’ ಎಂದು ಮನೆಯವರು ಕೇಳುತ್ತಾರೆ. ಲಿವರ್ ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಐದು ವರ್ಷದೊಳಗೆ ನೂರರಲ್ಲಿ 70 ಮಂದಿಗೆ ಮತ್ತೆ ಕಾಣಿಸಿಕೊಳ್ಳಬಹುದು, ಇದು ಸಣ್ಣ ಸಂಖ್ಯೆ ಅಲ್ಲ. ಆದರೆ ಆ ‘ಮತ್ತೆ’ ಎರಡು ಬಗೆಯದು. ಎರೆ ಹೊಲದಲ್ಲಿ ಕರಕಿ ಕಿತ್ತವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಒಂದು, ಕಿತ್ತಾಗ ತುಂಡಾಗಿ ಉಳಿದ ಬೇರಿನಿಂದ ಎದ್ದದ್ದು. ಇನ್ನೊಂದು, ಅದೇ ನೆಲದಲ್ಲಿ ಹೊಸದಾಗಿ ಬಿದ್ದ ಬೀಜದಿಂದ ಹುಟ್ಟಿದ್ದು. ಮೊದಲನೆಯದು ಹೆಚ್ಚಾಗಿ ಎರಡು ವರ್ಷದೊಳಗೆ ಬರುತ್ತದೆ. ಆಪರೇಷನ್ನಿಗೆ ಮೊದಲೇ ಗಡ್ಡೆಯಿಂದ ಹೊರಟು ಲಿವರಿನಲ್ಲೇ ಎಲ್ಲೋ ಕೂತಿದ್ದ ಕೋಶಗಳ ಕೆಲಸ ಅದು. ಎರಡನೆಯದು ಎರಡು ವರ್ಷದ ಆಚೆ ಬರುವಂಥದು. ಹಳೆಯ ಗಡ್ಡೆಗೂ ಅದಕ್ಕೂ ಸಂಬಂಧವೇ ಇಲ್ಲದಿರಬಹುದು. ವರ್ಷಗಟ್ಟಲೆ ವೈರಸ್ಸಿನಿಂದಲೋ ಸಾರಾಯಿಯಿಂದಲೋ ಕೊಬ್ಬಿನಿಂದಲೋ ಕೆಟ್ಟ ಲಿವರಿನಲ್ಲಿ ಹೊಸದಾಗಿ ಹುಟ್ಟಿದ ಇನ್ನೊಂದು ಕ್ಯಾನ್ಸರ್ ಅದು. 186 ಜೀನ್‌ಗಳ ಪಟ್ಟಿ ಮುಖ್ಯವಾಗಿ ಈ ಎರಡನೆಯದನ್ನು ಮುಂಗಂಡಿತು. ಅದೇ ತಂಡ 2013ರಲ್ಲಿ ಹೆಪಟೈಟಿಸ್ ಸಿಯಿಂದ ಆರಂಭದ ಸಿರೋಸಿಸ್ ಆಗಿದ್ದ, ಇನ್ನೂ ಕ್ಯಾನ್ಸರ್ ಆಗದ 216 ಜನರ ಬಯಾಪ್ಸಿಗಳಲ್ಲಿ ಇದೇ ಪಟ್ಟಿಯನ್ನು ನೋಡಿದಾಗ, ಕೆಟ್ಟ ಗುರುತು ಇದ್ದವರಲ್ಲೇ ಮುಂದೆ ಕ್ಯಾನ್ಸರ್ ಹೆಚ್ಚು ಕಾಣಿಸಿತು. ಅಂದರೆ ಕ್ಯಾನ್ಸರಿಗೂ ಮೊದಲೇ ಲಿವರು ಅದನ್ನು ಹೇಳುತ್ತಿತ್ತು.

ಹಾಗಾದರೆ ಗಡ್ಡೆಯ ಜೀನ್‌ಗಳು ದಂಡವೇ? ಅಲ್ಲ, ಅವು ಮೊದಲ ಬಗೆಗೆ ಕೆಲಸಕ್ಕೆ ಬರುತ್ತವೆ. 2011ರಲ್ಲಿ ಅಗಸ್ಟೋ ವಿಲ್ಲನ್ಯುವಾ ಮತ್ತಿತರರು 287 ರೋಗಿಗಳಲ್ಲಿ ಮೊದಲೇ ಪ್ರಕಟವಾಗಿದ್ದ ಹಲವು ಜೀನ್ ಪಟ್ಟಿಗಳನ್ನು ಒಟ್ಟಿಗೆ ಹೋಲಿಸಿದರು. ಕೊನೆಗೆ ಮರುಕಳಿಕೆಗೆ ನೇರ ಸಂಬಂಧ ಉಳಿಸಿಕೊಂಡ ಜೀನ್ ಗುರುತುಗಳಲ್ಲಿ ಒಂದು ಗಡ್ಡೆಯದು, ವೇಗವಾಗಿ ಇಬ್ಭಾಗವಾಗುವ ಗುಣದ್ದು. ಇನ್ನೊಂದು ಪಕ್ಕದ ಲಿವರಿನದು. ಜೊತೆಗೆ ನಿಂತದ್ದು ಮುಖ್ಯ ಗಡ್ಡೆಯ ಸುತ್ತ ಸಣ್ಣ ಮರಿಗಡ್ಡೆಗಳು ಇವೆಯೇ ಎಂಬ, ನಮ್ಮ ಹಳೆಯ ಪೆಥಾಲಜಿಯ ಮಾತು. 2013ರಲ್ಲಿ ಜಾಂ ಶಾರ್ಲ್ ನೋ ಮತ್ತು ಫ್ರಾನ್ಸಿನ ತಂಡ 314 ರೋಗಿಗಳ ಗಡ್ಡೆಗಳನ್ನು ನೋಡಿ ಬರೀ ಐದು ಜೀನ್‌ಗಳ ಸ್ಕೋರ್ ಕಟ್ಟಿತು. ಆ ಐದರಲ್ಲಿ ಒಂದು ಕೆರಟಿನ್ 19. ಇದನ್ನು ಯಾಕೆ ಎತ್ತಿ ಹೇಳುತ್ತಿದ್ದೇನೆಂದರೆ, ಕೆರಟಿನ್ 19 ನೋಡಲು ದೊಡ್ಡ ಮಶೀನು ಬೇಕಿಲ್ಲ. ‘ಸಿಕೆ 19’ ಎಂಬ ಇಮ್ಯುನೋ ಸ್ಟೇನ್, ಅಂದರೆ ಆ ಪ್ರೋಟೀನ್ ಇದ್ದ ಕೋಶಕ್ಕೆ ಮಾತ್ರ ಹತ್ತುವ ಬಣ್ಣ, ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಮೆಡಿಕಲ್ ಕಾಲೇಜು ಮಟ್ಟದ ಲ್ಯಾಬುಗಳಿಗೆ ಅಪರಿಚಿತವಲ್ಲ. ಗಡ್ಡೆಯ ಕೋಶಗಳು ಅದಕ್ಕೆ ಕಂದು ಬಣ್ಣ ಹಿಡಿದರೆ ಸ್ವಭಾವ ಸ್ವಲ್ಪ ಕಟು ಎಂದು ಲೆಕ್ಕ. ನಿಮ್ಮ ರಿಪೋರ್ಟಿನಲ್ಲಿ ಅದಿಲ್ಲದಿದ್ದರೆ ಕೊರತೆ ಎಂದು ತಿಳಿಯಬೇಡಿ, ಎಲ್ಲ ಕಡೆ ಅದು ರೂಢಿಯಲ್ಲಿಲ್ಲ.

ನಿಮ್ಮ ರಿಪೋರ್ಟಿನಲ್ಲಿರುವ ‘ಮೈಕ್ರೋವ್ಯಾಸ್ಕುಲರ್ ಇನ್ವೇಷನ್ ಪ್ರೆಸೆಂಟ್’ ಎಂಬ ಮೂರು ಪದಗಳು ದುಬಾರಿ ಟೆಸ್ಟಿನ ಅರ್ಧ ಕೆಲಸವನ್ನು ಆಗಲೇ ಮಾಡಿವೆ. ಗಡ್ಡೆಯ ಅಂಚಿನ ಸಣ್ಣ ರಕ್ತನಾಳದ ಒಳಗೆ, ನಾಳದ ತೆಳ್ಳನೆ ಒಳಪದರದ ಆಚೆ, ಗಡ್ಡೆಯ ಕೋಶಗಳ ಒಂದು ಗೊಂಚಲು ಸಿಕ್ಕಿಕೊಂಡಿದೆ ಎಂದು ಅದರರ್ಥ. ಸ್ಕ್ಯಾನಿನಲ್ಲಿ ಕಾಣುವಂಥದಲ್ಲ ಅದು. ನೋಡಿದವರು ಗಡ್ಡೆಯ ಅಂಚಿನ ಚೂರುಗಳನ್ನು ತಾಳ್ಮೆಯಿಂದ ಹುಡುಕಿದ್ದಾರೆ. ಇದು ಇದ್ದವರಿಗೆ ಮೊದಲ ಎರಡು ವರ್ಷದ ಅಪಾಯ ಹೆಚ್ಚು. ಪಕ್ಕದ ಲಿವರ್ ಸಿರೋಟಿಕ್ ಎಂದಿರುವುದರಿಂದ ಆಮೇಲಿನ ವರ್ಷಗಳ ಅಪಾಯವೂ ಇದೆ. ನಾನು ಮುಚ್ಚಿಟ್ಟು ಹೇಳುವುದಿಲ್ಲ, ನಿಮ್ಮ ತಂದೆಯವರು ಹೆಚ್ಚಿನ ಅಪಾಯದ ಗುಂಪಿನವರು. ಇದನ್ನು ತಿಳಿಯಲು ಆರ್‌ಎನ್‌ಎ ಅಳೆಯಬೇಕಿಲ್ಲ.

ಇನ್ನು ಟೆಸ್ಟ್ ಯಾಕೆ ಬೇಡ ಎಂಬುದಕ್ಕೆ ಕಾರಣ ಕೊಡಬೇಕು. 6,000 ಜೀನ್‌ಗಳನ್ನು ಅಳೆದು, ‘ಆಕಸ್ಮಿಕವಾಗಿರುವ ಸಾಧ್ಯತೆ ನೂರಕ್ಕೆ ಐದು’ ಎಂಬ ಗೆರೆ ಎಳೆದರೆ, ಯಾವ ಸಂಬಂಧವೂ ಇಲ್ಲದಿದ್ದರೂ 300 ಜೀನ್‌ಗಳು ಬರೀ ಅದೃಷ್ಟದಿಂದ ‘ಸಂಬಂಧ ಇದೆ’ ಎಂದು ತೋರುತ್ತವೆ. ಅದಕ್ಕೇ ಒಂದು ಗುಂಪಿನಲ್ಲಿ ಕಂಡದ್ದನ್ನು ಬೇರೆ ಗುಂಪಿನಲ್ಲಿ ಒರೆಗೆ ಹಚ್ಚುವ ಪದ್ಧತಿ. ಹೊಶಿದಾ ತಂಡ ಹಚ್ಚಿತು, ಪಾಸಾಯಿತು. ಪಾಸಾಗದೆ ಮೂಲೆ ಸೇರಿದ ಪಟ್ಟಿಗಳು ಬಹಳ. ಪಾಸಾದದ್ದೂ ಗುಂಪಿನ ಮಾತನ್ನು ಹೇಳುತ್ತದೆ: ಇಂಥ ಗುರುತಿನ ನೂರು ಜನರಲ್ಲಿ ಇಷ್ಟು ಮಂದಿಗೆ ಬೇಗ ಬಂತು, ಅಂಥ ಗುರುತಿನವರಲ್ಲಿ ಇಷ್ಟು ಮಂದಿಗೆ ತಡವಾಗಿ ಬಂತು. ಆ ನೂರರಲ್ಲಿ ನಿಮ್ಮ ಅಪ್ಪಾರು ಯಾರು ಎಂಬುದು ಅದಕ್ಕೆ ಗೊತ್ತಿಲ್ಲ. ‘ಬರುತ್ತದೋ ಇಲ್ಲವೋ ತಿಳಿಯುತ್ತದೆ’ ಎಂದು ಮಾರುವವರು ಇಲ್ಲಿ ಒಂದು ಹೆಜ್ಜೆ ಹಾರಿಬಿಡುತ್ತಾರೆ. ಇನ್ನೊಂದು ಸಂಗತಿ, ಹೊಶಿದಾ ತಂಡದ ಅಧ್ಯಯನಗಳ ರೋಗಿಗಳಲ್ಲಿ ಬಹುಪಾಲು ಹೆಪಟೈಟಿಸ್ ಸಿಯವರು. ನಿಮ್ಮ ತಂದೆಯವರದು ಹೆಪಟೈಟಿಸ್ ಬಿ. ಬಿ ವೈರಸ್ಸು ತನ್ನ ಡಿಎನ್‌ಎಯನ್ನು ನಮ್ಮ ಕೋಶದ ಡಿಎನ್‌ಎಯಲ್ಲೇ ಹೊಲಿದುಬಿಡುತ್ತದೆ, ಸಿ ಹಾಗೆ ಮಾಡುವುದಿಲ್ಲ. ಜಪಾನಿನ ಸಿ ರೋಗಿಯ ಲಿವರಿನಲ್ಲಿ ಕಟ್ಟಿದ ಅಳತೆಗೋಲನ್ನು ಬನಹಟ್ಟಿಯ ಬಿ ರೋಗಿಗೆ ಹಾಗೇ ಹಿಡಿಯುವಾಗ ಎಚ್ಚರ ಬೇಕು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಚಿಕಿತ್ಸೆಯದು. ಸ್ತನ ಕ್ಯಾನ್ಸರಿನಲ್ಲಿ 21 ಜೀನ್‌ಗಳ ಟೆಸ್ಟ್ ಬಳಕೆಯಲ್ಲಿದೆ, ಅದನ್ನು ನೋಡಿ ಕೀಮೋ ಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಅಲ್ಲಿ ಉತ್ತರಕ್ಕೆ ಬೆಲೆ ಇದೆ. ಲಿವರಿನಲ್ಲಿ ಆಪರೇಷನ್ ಆದ ಮೇಲೆ ಮರುಕಳಿಕೆ ತಡೆಯಲೆಂದು ಕೊಡಬಹುದಾದ, ನಂಬಬಹುದಾದ ಕ್ಯಾನ್ಸರ್ ಔಷಧವೇ ಇನ್ನೂ ಕೈಗೆ ಸಿಕ್ಕಿಲ್ಲ. ಸೊರಾಫೆನಿಬ್ ಮಾತ್ರೆಯನ್ನು 1,114 ಜನರಲ್ಲಿ ಪರೀಕ್ಷಿಸಿದ ಸ್ಟಾರ್ಮ್ ಎಂಬ ಪ್ರಯೋಗ 2015ರಲ್ಲಿ ಪ್ರಕಟವಾಯಿತು, ಪ್ರಯೋಜನ ಕಾಣಲಿಲ್ಲ. ಆ ರೋಗಿಗಳ ತುಂಡುಗಳನ್ನು ಮುಂದೆ ಪರಿಶೀಲಿಸಿದಾಗ, ಅದುವರೆಗೆ ಪ್ರಕಟವಾಗಿದ್ದ ಜೀನ್ ಪಟ್ಟಿಗಳಲ್ಲಿ ಒಂದೂ ‘ಇಂಥವರಿಗೆ ಈ ಮಾತ್ರೆ ಫಲಿಸುತ್ತದೆ’ ಎಂದು ಬೇರ್ಪಡಿಸಿ ಕೊಡಲಿಲ್ಲ. ಆಮೇಲೆ ಅಟೆಜೊಲಿಝುಮಾಬ್ ಮತ್ತು ಬೆವಾಸಿಝುಮಾಬ್ ಇಂಜೆಕ್ಷನ್‌ಗಳ ಜೋಡಿ ಬಂತು. 668 ಹೆಚ್ಚಿನ ಅಪಾಯದ ರೋಗಿಗಳ ಮೇಲೆ ನಡೆದ ಪ್ರಯೋಗದ ಮೊದಲ ವರದಿ 2023ರಲ್ಲಿ ಆಸೆ ಹುಟ್ಟಿಸಿತು. 2024ರಲ್ಲಿ ಇನ್ನಷ್ಟು ಕಾಲ ಕಾದು ನೋಡಿದಾಗ ಆ ಲಾಭ ಉಳಿಯಲಿಲ್ಲ. ಆ ಪ್ರಯೋಗಕ್ಕೆ ‘ಹೆಚ್ಚಿನ ಅಪಾಯದವರು’ ಎಂದು ಆರಿಸಿದ್ದು ಜೀನ್ ನೋಡಿಯಲ್ಲ, ಗಡ್ಡೆಯ ಗಾತ್ರ, ಸಂಖ್ಯೆ, ರಕ್ತನಾಳದ ಆಕ್ರಮಣ, ಗ್ರೇಡ್ (ಕೋಶಗಳು ಎಷ್ಟು ಕೆಟ್ಟಿವೆ ಎಂಬ ದರ್ಜೆ) ನೋಡಿ. ನಿಮ್ಮ ಕೈಯಲ್ಲಿರುವ ರಿಪೋರ್ಟಿನಂಥದೇ. ಯಾರಾದರೂ ಈಗ ಈ ಇಂಜೆಕ್ಷನ್ ಹಾಕಿಸಿಬಿಡಿ ಎಂದರೆ, 2024ರ ಫಲಿತಾಂಶ ಏನಾಯಿತ್ರಿ ಎಂದು ಕೇಳಿ.

ಬ್ಲಾಕಿನ ವಿಷಯದಲ್ಲಿ ಒಂದು ಮಾತು. ಟೆಸ್ಟ್ ಬೇಡ ಎಂದೆ, ಬ್ಲಾಕ್ ಬೇಡ ಎನ್ನಲಿಲ್ಲ. ಎರಡು ಮೂರು ವರ್ಷದ ಮೇಲೆ ಹೊಸ ಔಷಧ ಬಂದು, ಆಗ ಟೆಸ್ಟಿಗೆ ಅರ್ಥ ಬಂದರೆ, ಅದೇ ಬ್ಲಾಕಿನಲ್ಲಿ ಮಾಡಬಹುದು. ಹಳೆಯ ಬ್ಲಾಕೂ ಓದಲು ಸಿಗುತ್ತದೆ ಎಂದು ಮೇಲೆಯೇ ಹೇಳಿದೆನಲ್ಲ. ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಯಾವ ನಂಬರಿನ ಬ್ಲಾಕಿನಲ್ಲಿ ಏನಿದೆ ಎಂದು ಕೇಳಿ ರಿಪೋರ್ಟಿನ ಹಿಂದೆ ಬರೆದಿಟ್ಟುಕೊಳ್ಳಿ: ಗಡ್ಡೆಯದು ಯಾವುದು, ಗಡ್ಡೆಯಿಂದ ದೂರದ ಲಿವರಿನದು ಯಾವುದು. ದೂರದ ಲಿವರಿನ ಬ್ಲಾಕನ್ನು ಯಾರೂ ಕೇಳುವುದಿಲ್ಲ, ಆದರೆ ಮೇಲಿನ ಕಥೆಯ ನಾಯಕ ಅದೇ. ಎರಡನೇ ಅಭಿಪ್ರಾಯಕ್ಕೆ ಎಲ್ಲಿಗಾದರೂ ಒಯ್ಯುವುದಾದರೆ ಎಲ್ಲ ಬ್ಲಾಕುಗಳನ್ನೂ ಒಮ್ಮೆಗೇ ಕೊಡಬೇಡಿ, ಕೊಟ್ಟದ್ದಕ್ಕೆ ರಸೀದಿ ಇರಲಿ, ಕೆಲಸ ಮುಗಿದ ಮೇಲೆ ವಾಪಸ್ ತಂದು ಒಪ್ಪಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಬೆಂಗಳೂರಿನ ದಾರಿ ಹಿಡಿಯಬೇಡಿ, ನಮ್ಮ ಬಿಸಿಲಿಗೆ ಮೇಣ ಮೆತ್ತಗಾಗುತ್ತದೆ. ಯಾವುದಾದರೂ ಸಂಶೋಧನಾ ಸಂಸ್ಥೆ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ನಿಮ್ಮಿಂದ ರೊಕ್ಕ ತೆಗೆದುಕೊಳ್ಳದೆ ಅಧ್ಯಯನಕ್ಕೆ ಕೇಳಿದರೆ ಮಾತು ಬೇರೆ. ಆಗ ಕೊಡಿ ಎನ್ನುತ್ತೇನೆ. ಹೆಪಟೈಟಿಸ್ ಬಿ ಇರುವ ನಮ್ಮ ಜನರ ಬ್ಲಾಕುಗಳಲ್ಲಿ ಈ ಕೆಲಸ ಆಗಬೇಕಾದದ್ದು ಇನ್ನೂ ಬಹಳ ಇದೆ.

ಟೆಸ್ಟಿಗೆಂದು ಎತ್ತಿಟ್ಟ ರೊಕ್ಕ ಎಲ್ಲಿಗೆ ಹೋಗಬೇಕು? ವೈರಸ್ಸಿಗೆ. ಉಳಿದ ಲಿವರಿನಲ್ಲಿ ಉರಿಯೂತ ಹೊತ್ತಿಸುತ್ತಿರುವುದು ಅದೇ, 73 ಜೀನ್‌ಗಳ ಕೆಟ್ಟ ಪಟ್ಟಿಗೆ ಗಾಳಿ ಹಾಕುವುದೂ ಅಂಥದೇ. ಎಚ್‌ಬಿವಿ ಡಿಎನ್‌ಎ, ಅಂದರೆ ರಕ್ತದಲ್ಲಿ ಬಿ ವೈರಸ್ಸು, ಎಷ್ಟಿದೆ ಎಂದು ಅಳೆಸಿದ್ದೀರಾ? ವೈರಸ್ಸನ್ನು ಅದುಮಿಡುವ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ ಶುರುವಾಗಿದೆಯೇ? ನಿಮ್ಮ ಪತ್ರದಲ್ಲಿ ಈ ಬಗ್ಗೆ ಒಂದು ಅಕ್ಷರವೂ ಇಲ್ಲ, ನನಗೆ ಕಳವಳ ತಂದದ್ದು ಅದೇ. ಹೆಪಟೈಟಿಸ್ ಬಿ ಇರುವವರಲ್ಲಿ ಆಪರೇಷನ್ ನಂತರ ಈ ಮಾತ್ರೆ ತಪ್ಪದೆ ತೆಗೆದುಕೊಂಡರೆ ಮರುಕಳಿಕೆಯೂ ಕಡಿಮೆ, ಬದುಕುವ ಕಾಲವೂ ಹೆಚ್ಚು ಎಂಬುದು ಚೆನ್ನಾಗಿ ಸಾಬೀತಾದ ಸಂಗತಿ. ದಿನಕ್ಕೊಂದು ಮಾತ್ರೆ, ಸಿರೋಸಿಸ್ ಇದ್ದವರಿಗೆ ಸಾಮಾನ್ಯವಾಗಿ ಜೀವನಪರ್ಯಂತ. ‘ಆರಾಮ ಆತು’ ಎಂದು ಡಾಕ್ಟರಿಗೆ ಹೇಳದೆ ಬಿಟ್ಟರೆ ವೈರಸ್ಸು ಒಮ್ಮೆಲೇ ಎದ್ದು ಲಿವರು ಕೈಕೊಡಬಹುದು. 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರ ಈ ಪರೀಕ್ಷೆ ಮತ್ತು ಔಷಧಗಳನ್ನು ಉಚಿತವಾಗಿ ಕೊಡುತ್ತಿದೆ. ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಸ್ಕ್ಯಾನ್ ಎರಡನೆಯದು. ಮೊದಲ ಎರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಕಾಂಟ್ರಾಸ್ಟ್ ಹಾಕಿದ ಸಿಟಿ ಅಥವಾ ಎಂಆರ್‌ಐ, ಜೊತೆಗೆ ರಕ್ತದಲ್ಲಿ ಎಎಫ್‌ಪಿ, ಅಂದರೆ ಲಿವರಿನ ಹಲವು ಗಡ್ಡೆಗಳು ಏರಿಸುವ ಒಂದು ಪ್ರೋಟೀನ್. ಆಮೇಲೆ ಆರು ತಿಂಗಳಿಗೊಮ್ಮೆ. ನಿಮ್ಮ ಸರ್ಜನ್ನರು ಕೊಟ್ಟ ತಾರೀಖು ಇದಕ್ಕಿಂತ ಸ್ವಲ್ಪ ಬೇರೆಯಿದ್ದರೆ ಅದನ್ನೇ ಹಿಡಿಯಿರಿ. ಐದು ವರ್ಷ ಕಳೆಯಿತು ಎಂದು ಬಿಡುವಂತಿಲ್ಲ. ಎರಡನೇ ಬಗೆಯದಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಸಣ್ಣದಿರುವಾಗ ಸಿಕ್ಕರೆ ಮತ್ತೆ ಆಪರೇಷನ್ನೋ, ಸೂಜಿಯಿಂದ ಸುಡುವ ಅಬ್ಲೇಶನ್ನೋ, ಕೆಲವರಿಗೆ ಲಿವರ್ ಕಸಿಯೋ ಸಾಧ್ಯವಿರುತ್ತದೆ. ದೊಡ್ಡದಾದ ಮೇಲೆ ದಾರಿಗಳು ಕಡಿಮೆ. ಎಎಫ್‌ಪಿ ಒಂದನ್ನೇ ನೆಚ್ಚಿಕೊಂಡು ಸ್ಕ್ಯಾನ್ ತಪ್ಪಿಸಬೇಡಿ, ಕೆಲವು ಗಡ್ಡೆಗಳು ಅದನ್ನು ಏರಿಸುವುದೇ ಇಲ್ಲ.

ಕುಡಿತದ ಬಗ್ಗೆ ನೀವು ಬರೆದಿಲ್ಲ. ಇದ್ದರೆ ಇವತ್ತೇ ಪೂರ್ತಿ ನಿಲ್ಲಬೇಕು, ಹಬ್ಬಕ್ಕೊಮ್ಮೆ ಎಂಬುದೂ ಬೇಡ. ಕಾಮಣಿಗೆ ಕೊಡುವ ನಾಟಿ ಔಷಧವನ್ನು ‘ಲಿವರಿಗೆ ಒಳ್ಳೇದು’ ಎಂದು ಯಾರಾದರೂ ತಂದುಕೊಟ್ಟರೆ ಕೈಮುಗಿದು ವಾಪಸ್ ಕಳಿಸಿ. ಸಿರೋಸಿಸ್ ಆದ ಲಿವರಿಗೆ ಅದರಲ್ಲಿ ಏನಿದೆಯೋ ತಿಳಿಯದ್ದನ್ನು ತಡೆಯುವ ಶಕ್ತಿ ಇರುವುದಿಲ್ಲ.

ಶೇಂಗಾದ ಮಾತು ಅರ್ಧ ನಿಜ. ಬೂಸಲು ಹಿಡಿದ ಶೇಂಗಾ ಮತ್ತು ಗೋವಿನಜೋಳದಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಲಿವರಿನ ಕೋಶದ ಪಿ53 ಎಂಬ ಕಾವಲು ಜೀನನ್ನು ಒಂದು ನಿಗದಿತ ಜಾಗದಲ್ಲೇ ಕೆಡಿಸುತ್ತದೆ. ಹೆಪಟೈಟಿಸ್ ಬಿ ಇದ್ದವರಿಗೆ ಇದರ ಹೊಡೆತ ದುಪ್ಪಟ್ಟಿಗಿಂತಲೂ ಹೆಚ್ಚು. ಹುರಿದರೆ ವಿಷ ಪೂರ್ತಿ ಹೋಗುವುದಿಲ್ಲ. ಆದರೆ ಒಣಗಿದ, ಗಟ್ಟಿ, ಸ್ವಚ್ಛ ಕಾಳಿನಲ್ಲಿ ತೊಂದರೆಯಿಲ್ಲ, ರೊಟ್ಟಿ ಜೊತೆಗಿನ ಶೇಂಗಾ ಚಟ್ನಿಯನ್ನು ತಾಟಿನಿಂದ ಎತ್ತಿಸಬೇಕಿಲ್ಲ. ಸುಕ್ಕಿದ, ಕಪ್ಪಿಟ್ಟ, ಕಹಿ ಬಂದ ಕಾಳನ್ನು ಆರಿಸಿ ಎಸೆಯಿರಿ. ಮಳೆಗೆ ನೆಂದ ಚೀಲದ ಶೇಂಗಾ ಅಗ್ಗಕ್ಕೆ ಸಿಕ್ಕಿತೆಂದು ಮನೆಗೆ ತರಬೇಡಿ, ದನಕ್ಕೂ ಹಾಕಬೇಡಿ. ಅಫ್ಲಾಟಾಕ್ಸಿನ್ ಹಾಲಿನಲ್ಲಿ ಬರುತ್ತದೆ.

ಕೊನೆಯದಾಗಿ ನಿಮ್ಮ ಮತ್ತು ತಂಗಿಯ ವಿಷಯ. ಎಕ್ಸ್‌ಪ್ರೆಶನ್ ಟೆಸ್ಟ್ ಅಳೆಯುವುದು ನಿಮ್ಮ ತಂದೆಯವರ ಲಿವರಿನ ಆ ಹೊತ್ತಿನ ಸ್ಥಿತಿಯನ್ನು. ವರ್ಷಗಟ್ಟಲೆ ಉರಿಯೂತದಿಂದ ಆದ ಆ ಏರುಪೇರು ಮಕ್ಕಳಿಗೆ ಇಳಿದು ಬರುವಂಥದಲ್ಲ. ಮನೆಯಲ್ಲಿ ಹರಡಿರಬಹುದಾದದ್ದು ವೈರಸ್ಸು. ಹೆಪಟೈಟಿಸ್ ಬಿ ಒಂದೇ ತಾಟಿನಲ್ಲಿ ಉಂಡರೆ, ಒಂದೇ ಮಗ್ಗದಲ್ಲಿ ಕೂತರೆ, ತಬ್ಬಿಕೊಂಡರೆ ಬರುವುದಿಲ್ಲ, ಆದ್ದರಿಂದ ಅಪ್ಪಾರ ತಾಟು ಲೋಟ ಬೇರೆ ಇಡಬೇಡಿ. ರಕ್ತದಿಂದ, ಹಳೆಯ ಸೂಜಿಯಿಂದ, ದೈಹಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಅದಕ್ಕೆ ರೇಜರ್, ಹಲ್ಲಿನ ಬ್ರಷ್ ಮಾತ್ರ ಬೇರೆ ಇರಲಿ. ನೀವು, ತಂಗಿ, ಅಮ್ಮ ಮೂವರೂ ವೈರಸ್ಸು ಈಗ ಮೈಯಲ್ಲಿದೆಯೇ ಎಂದು ತೋರಿಸುವ ಎಚ್‌ಬಿಎಸ್‌ಎಜಿ ರಕ್ತ ಪರೀಕ್ಷೆ ಮಾಡಿಸಬೇಕು, ಜೊತೆಗೆ ಕೋರ್ ಆ್ಯಂಟಿಬಾಡಿ (ಎಂದಾದರೂ ಸೋಂಕು ತಗುಲಿತ್ತೇ) ಮತ್ತು ಸರ್ಫೇಸ್ ಆ್ಯಂಟಿಬಾಡಿ (ರಕ್ಷಣೆ ಇದೆಯೇ) ಕೂಡ. ಅಪ್ಪಾರಿಗೆ ಇದು ಸಣ್ಣಂದಿನಲ್ಲೇ ಅಂಟಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಅವರ ಒಡಹುಟ್ಟಿದವರನ್ನೂ ಬಿಡಬೇಡಿ; ಬೆಂಗಳೂರಿನಿಂದ ಸಲಹೆ ಕೊಟ್ಟ ಆ ತಮ್ಮನೂ, ಅವನ ತಂದೆ ಅಂದರೆ ನಿಮ್ಮ ಕಾಕಾನೂ ಮಾಡಿಸಿಕೊಳ್ಳಲಿ. ಮೂರೂ ನೆಗೆಟಿವ್ ಬಂದವರಿಗೆ ಲಸಿಕೆ: ಇವತ್ತು, ಒಂದು ತಿಂಗಳಿಗೆ, ಆರನೇ ತಿಂಗಳಿಗೆ, ಹೀಗೆ ಮೂರು ಡೋಸ್. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದವರು ಗಾಬರಿಯಾಗದೆ ಆ ರಿಪೋರ್ಟ್ ಹಿಡಿದು ಗ್ಯಾಸ್ಟ್ರೋ ಡಾಕ್ಟರನ್ನು ಕಾಣಲಿ. ತಂಗಿ ಬಸುರಿಯಿದ್ದರೆ ಅವಳ ಪರೀಕ್ಷೆ ಎಲ್ಲರಿಗಿಂತ ಮೊದಲು ಆಗಲಿ. ಪಾಸಿಟಿವ್ ಬಂದರೆ ಹೆರಿಗೆ ಮಾಡಿಸುವ ಡಾಕ್ಟರಿಗೆ ಮುಂಚೆಯೇ ತಿಳಿಸಬೇಕು. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಜೊತೆ ಇಮ್ಯುನೋಗ್ಲೋಬುಲಿನ್ (ಸಿದ್ಧ ಆ್ಯಂಟಿಬಾಡಿ) ಇಂಜೆಕ್ಷನ್ನೂ ಬೇಕಾಗುತ್ತದೆ, ಅದನ್ನು ಆಸ್ಪತ್ರೆಯವರು ಮೊದಲೇ ತರಿಸಿಡಬೇಕು.